ಪಿಕಪ್ ಗಾಡಿಗೆ ಎಂಥ ಟೈರು ಬೇಕು?

ಮೋಟಾರು ವಾಹನವನ್ನು ಕೊಳ್ಳುವವರು ಅದರ ಎಂಜಿನ್ನಿನ ಬಲವನ್ನು ವಿಚಾರಿಸುತ್ತಾರೆ. ಲೀಟರು ಎಣ್ಣೆಗೆ ಎಷ್ಟು ದೂರ ಓಡುವುದೆಂದು ಕೇಳುತ್ತಾರೆ. ಬಣ್ಣವನ್ನೂ ಆಸನವನ್ನೂ ಪರೀಕ್ಷಿಸುತ್ತಾರೆ. ಆದರೆ ವಾಹನಕ್ಕೂ ನೆಲಕ್ಕೂ ಇರುವ ಏಕಮಾತ್ರ ಸಂಬಂಧವೆಂದರೆ ಅದರ ನಾಲ್ಕು ಟೈರುಗಳು. ಎಂಜಿನ್ನು ಎಷ್ಟೇ ಬಲಶಾಲಿಯಾಗಿರಲಿ, ಬ್ರೇಕು ಎಷ್ಟೇ ಚುರುಕಾಗಿರಲಿ, ಅವುಗಳ ಸಾಮರ್ಥ್ಯವೆಲ್ಲ ರಸ್ತೆಯನ್ನು ತಲಪುವುದು ಟೈರಿನ ಮೂಲಕವೇ. ಇಷ್ಟು ಮುಖ್ಯವಾದ ಭಾಗವನ್ನು ಆರಿಸುವಾಗ ಮಾತ್ರ ನಾವು ಅಂಗಡಿಯವನ ಮಾತನ್ನೋ ನೆರೆಯವನ ಮಾತನ್ನೋ ನಂಬಿ ಸುಮ್ಮನಾಗುತ್ತೇವೆ.

ನನ್ನ ಅಣ್ಣ ತೀರ್ಥಹಳ್ಳಿಯ ಕಡೆ ಅಡಕೆ ತೋಟವನ್ನು ನೋಡಿಕೊಂಡಿದ್ದಾನೆ. ತೋಟದ ಮನೆಯಿಂದ ಡಾಂಬರು ರಸ್ತೆಗೆ ಬರಲು ಎರಡು ಮೈಲಿ ಮಣ್ಣಿನ ದಾರಿ. ಅಲ್ಲಿಂದ ಶಿವಮೊಗ್ಗೆಯವರೆಗೆ, ಕೆಲವೊಮ್ಮೆ ತರೀಕೆರೆ, ಅರಸೀಕೆರೆಗಳನ್ನು ದಾಟಿ ಬೆಂಗಳೂರಿನವರೆಗೆ ಅವನ ಪಿಕಪ್ ಗಾಡಿ ಓಡಾಡುತ್ತದೆ. ಒಂದು ಮಳೆಗಾಲದಲ್ಲಿ ಆ ಮಣ್ಣಿನ ದಾರಿಯ ಏರಿನಲ್ಲಿ ಗಾಡಿ ಮೂರು ಸಲ ಹೂತುಹೋಯಿತು. ಬೇಸತ್ತ ಅಣ್ಣ ದಪ್ಪ ದಪ್ಪ ಉಬ್ಬುಗಳಿರುವ ಕೆಸರಿನ ಟೈರುಗಳನ್ನು ಹಾಕಿಸಿದ. ಗಾಡಿ ಏರನ್ನೇನೋ ಹತ್ತಿತು. ಆದರೆ ಮರುತಿಂಗಳು ತರೀಕೆರೆಯ ಸಮೀಪದಲ್ಲಿ, ಮಳೆ ಬಿದ್ದು ನುಣುಪಾಗಿದ್ದ ಡಾಂಬರಿನ ಮೇಲೆ ಬ್ರೇಕು ಒತ್ತಿದಾಗ ಅದು ನಿಲ್ಲದೆ ಜಾರುತ್ತ ಹೋಗಿ, ಎದುರಿಗೆ ನಿಂತಿದ್ದ ಲಾರಿಗೆ ಒಂದು ಮೊಳ ಉಳಿದಿರುವಾಗ ನಿಂತಿತು. ಪಕ್ಕದಲ್ಲಿ ಅತ್ತಿಗೆಯೂ ಮಗುವೂ ಕುಳಿತಿದ್ದರು. ಆ ರಾತ್ರಿ ಅಣ್ಣ ನನಗೆ ಫೋನು ಮಾಡಿ, “ನೀನು ಕಾಲೇಜಿನಲ್ಲಿ ಘರ್ಷಣೆಯ ಪಾಠ ಹೇಳುವವನು. ಕೆಸರಿನಲ್ಲಿ ಅಷ್ಟು ಗಟ್ಟಿಯಾಗಿ ಹಿಡಿಯುವ ಟೈರು ಡಾಂಬರಿನ ಮೇಲೆ ಏಕೆ ಹಿಡಿಯಲಿಲ್ಲ ಹೇಳು ನೋಡೋಣ” ಎಂದು ಕೇಳಿದ. ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದರೆ ಟೈರಿನ ಆಯ್ಕೆಯ ತತ್ತ್ವವೆಲ್ಲ ನಮಗೆ ತಿಳಿಯುತ್ತದೆ.

ಹೊರೆಯನ್ನು ಹೊರುವುದು ಗಾಳಿ

ಗಾಡಿಯ ಭಾರವನ್ನು ಟೈರಿನ ರಬ್ಬರು ಹೊರುತ್ತದೆಂದು ಅನೇಕರು ತಿಳಿದಿದ್ದಾರೆ. ಇದು ಬಹುಮಟ್ಟಿಗೆ ತಪ್ಪು. ಭಾರದ ಹೆಚ್ಚಿನ ಪಾಲನ್ನು ಹೊರುವುದು ಒಳಗೆ ಒತ್ತಿ ತುಂಬಿರುವ ಗಾಳಿ. ರಬ್ಬರೂ ಅದರೊಳಗಿನ ನೂಲು, ಉಕ್ಕಿನ ತಂತಿಗಳೂ ಆ ಗಾಳಿಯನ್ನು ಹಿಡಿದಿಡುವ ಚೀಲ ಮಾತ್ರ. ಇಂಥ ಗಾಳಿಯ ಚಕ್ರವನ್ನು ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತನು ೧೮೪೫ರಲ್ಲಿಯೇ ಕಲ್ಪಿಸಿ ಹಕ್ಕುಪತ್ರವನ್ನು ಪಡೆದಿದ್ದನು. ಅದು ಬಳಕೆಗೆ ಬಾರದೆ ಮರೆತುಹೋಯಿತು. ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲು ಕುಲುಕದಂತೆ ಮಾಡಲೆಂದು ೧೮೮೮ರ ಸುಮಾರಿಗೆ ಅದನ್ನು ಮತ್ತೆ ಕಂಡುಹಿಡಿದನು. ಹೀಗೆ ಗಾಳಿಯ ಟೈರು ಲೋಕದಲ್ಲಿ ಬೇರೂರಿದುದೇ ಪ್ರಯಾಣದ ಸುಖಕ್ಕಾಗಿ ಎಂಬುದು ಗಮನಾರ್ಹ.

ಈಗ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಹೊರೆ ತುಂಬಿದ ಪಿಕಪ್ ಗಾಡಿಯ ಒಟ್ಟು ಭಾರ ೨,೮೦೦ ಕಿಲೋಗ್ರಾಂ ಎಂದಿಟ್ಟುಕೊಂಡರೆ, ಸರಾಸರಿಯಾಗಿ ಒಂದು ಚಕ್ರದ ಪಾಲಿಗೆ ೭೦೦ ಕಿಲೋಗ್ರಾಂ ಬರುತ್ತದೆ. ಟೈರಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ೩.೫ ಕಿಲೋಗ್ರಾಂ, ಅಂದರೆ ಗಾಳಿ ಹಿಡಿಸುವ ಅಂಗಡಿಯ ಮಾಪಕದಲ್ಲಿ ಸುಮಾರು ೫೦ ಪೌಂಡು, ಇರಲಿ. ಭಾರವನ್ನು ಒತ್ತಡದಿಂದ ಭಾಗಿಸಿದರೆ ನೆಲವನ್ನು ಮುಟ್ಟುವ ಜಾಗ ದೊರೆಯುತ್ತದೆ: ೨೦೦ ಚದರ ಸೆಂಟಿಮೀಟರು. ಇದು ಹೆಚ್ಚೆಂದರೆ ಒಂದೂವರೆ ಅಂಚೆ ಕಾರ್ಡಿನಷ್ಟು. ನಾಲ್ಕು ಚಕ್ರಗಳೂ ಸೇರಿ ತೆರೆದಿಟ್ಟ ಒಂದು ನೋಟುಪುಸ್ತಕದಷ್ಟು ಜಾಗ. ಅಡಕೆಯ ಮೂಟೆಗಳೂ ಒಂದು ಸಂಸಾರವೂ ತಾಸಿಗೆ ಅರುವತ್ತು ಕಿಲೋಮೀಟರು ವೇಗದಲ್ಲಿ ಸಾಗುವಾಗ ಅವರೆಲ್ಲರ ಕ್ಷೇಮ ಇಷ್ಟು ಕಿರಿದಾದ ಸ್ಪರ್ಶತಲವನ್ನು ಅವಲಂಬಿಸಿದೆ.

ವಿದ್ಯಾರ್ಥಿಗಳು ಇದನ್ನು ಸೈಕಲ್ಲಿನಿಂದ ಪರೀಕ್ಷಿಸಿ ನೋಡಬಹುದು. ನೆಲದ ಮೇಲೆ ಬಿಳಿಯ ಹಾಳೆಯನ್ನೂ ಅದರ ಮೇಲೆ ಕಾರ್ಬನ್ ಕಾಗದವನ್ನೂ ಹಾಸಿ, ಹಿಂದಿನ ಚಕ್ರವನ್ನು ಮೆಲ್ಲನೆ ಅದರ ಮೇಲೆ ಇಳಿಸಿ, ಒಬ್ಬರು ಸೈಕಲ್ಲಿನ ಮೇಲೆ ಕುಳಿತು ಏಳಬೇಕು. ಹಾಳೆಯ ಮೇಲೆ ಮೂಡಿದ ಗುರುತಿನ ಕ್ಷೇತ್ರಫಲವನ್ನು ಚೌಕುಳಿ ಕಾಗದದಿಂದ ಅಳೆಯಿರಿ. ಗಾಳಿಯನ್ನು ಇಳಿಸಿ ಮತ್ತೆ ಮಾಡಿದರೆ ಗುರುತು ದೊಡ್ಡದಾಗುವುದನ್ನು ಕಾಣುವಿರಿ. ಈ ಸಂಗತಿಯನ್ನು ನೆನಪಿನಲ್ಲಿಡಿ. ಮುಂದೆ ಉಪಯೋಗಕ್ಕೆ ಬರುತ್ತದೆ.

ರಬ್ಬರಿನ ಹಿಡಿತ

ಘರ್ಷಣೆಯ ಬಲವು ಸ್ಪರ್ಶಿಸುವ ಜಾಗದ ವಿಸ್ತಾರವನ್ನು ಅವಲಂಬಿಸುವುದಿಲ್ಲವೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಮರ, ಲೋಹ ಮೊದಲಾದ ಗಟ್ಟಿ ವಸ್ತುಗಳಿಗೆ ಈ ನಿಯಮ ಚೆನ್ನಾಗಿಯೇ ಹೊಂದುತ್ತದೆ. ರಬ್ಬರು ಮಾತ್ರ ಅದನ್ನು ಪೂರ್ತಿಯಾಗಿ ಪಾಲಿಸುವುದಿಲ್ಲ. ಅದು ಮೆತುವಾದುದರಿಂದ ಡಾಂಬರಿನ ಸಣ್ಣ ಸಣ್ಣ ಕಲ್ಲುಗಳ ನಡುವೆ ಇಳಿದು ಅವನ್ನು ಅಪ್ಪಿಕೊಳ್ಳುತ್ತದೆ. ಒಂದು ಬಗೆಯ ಅಂಟಿನಂತೆ ಮೇಲ್ಮೈಗೆ ಹತ್ತಿಕೊಳ್ಳುತ್ತದೆ. ಅದೇ ಭಾರವನ್ನು ಕಿರಿದಾದ ಜಾಗದ ಮೇಲೆ ಹೇರಿದರೆ ಹಿಡಿತವು ಸ್ವಲ್ಪ ಕುಗ್ಗುತ್ತದೆ. ಆದ್ದರಿಂದ ಡಾಂಬರಿನ ಮೇಲೆ ಗೆಲ್ಲುವುದು ನೆಲಕ್ಕೆ ಹೆಚ್ಚು ರಬ್ಬರನ್ನು ತಾಗಿಸುವ ಟೈರು.

ಕೆಸರಿನ ಟೈರನ್ನು ನೋಡಿರಿ. ಅದರ ಉಬ್ಬುಗಳ ನಡುವೆ ಅಗಲವಾದ ತೆರಪುಗಳಿವೆ. ಸ್ಪರ್ಶತಲದ ಒಳಗೆ ಸಾಕಷ್ಟು ಭಾಗ ಬರಿಯ ತೆರಪೇ ಆಗಿ, ರಬ್ಬರು ತಾಗುವ ಜಾಗ ಕಡಮೆಯಾಗುತ್ತದೆ. ಮೇಲಾಗಿ ಆ ಎತ್ತರದ ಉಬ್ಬುಗಳು ಬ್ರೇಕು ಒತ್ತಿದಾಗ ಬಾಗುತ್ತವೆ. ಬಾಗಿದಾಗ ಅಂಚು ಮಾತ್ರ ನೆಲಕ್ಕೆ ತಾಗುತ್ತದೆ. ಹೆದ್ದಾರಿಯ ಟೈರಿನ ಉಬ್ಬುಗಳಲ್ಲಿರುವ ಕೂದಲೆಳೆಯಂಥ ಸಣ್ಣ ಸೀಳುಗಳು ಒದ್ದೆ ರಸ್ತೆಯ ತೆಳುವಾದ ನೀರಿನ ಪೊರೆಯನ್ನು ಕತ್ತರಿಸಿ ರಬ್ಬರನ್ನು ಕಲ್ಲಿಗೆ ಮುಟ್ಟಿಸುತ್ತವೆ. ಕೆಸರಿನ ಟೈರಿನಲ್ಲಿ ಸಾಮಾನ್ಯವಾಗಿ ಅಂಥ ಸೀಳುಗಳು ಕಡಮೆ.

ಇದರ ಪರಿಣಾಮವನ್ನು ಅಂಕಿಗಳಲ್ಲಿ ನೋಡೋಣ. ವಾಹನವು ನಿಲ್ಲಲು ಬೇಕಾದ ದೂರವನ್ನು ತಿಳಿಯಲು ವೇಗದ ವರ್ಗವನ್ನು ಘರ್ಷಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಬೇಕು. ತಾಸಿಗೆ ೬೦ ಕಿಲೋಮೀಟರು ಎಂದರೆ ಸೆಕೆಂಡಿಗೆ ೧೬.೭ ಮೀಟರು. ಘರ್ಷಣಾಂಕ ೦.೭ ಆದರೆ ವಾಹನ ೨೦ ಮೀಟರಿನಲ್ಲಿ ನಿಲ್ಲುತ್ತದೆ, ೦.೪ಕ್ಕೆ ಇಳಿದರೆ ೩೫ ಮೀಟರು ಬೇಕು. ಚಾಲಕನ ಕಾಲು ಬ್ರೇಕನ್ನು ಮುಟ್ಟುವ ಮೊದಲು ಕಳೆಯುವ ಒಂದು ಸೆಕೆಂಡಿನಲ್ಲಿ ಓಡುವ ೧೭ ಮೀಟರು ಇದರ ಮೇಲೆ ಬೇರೆ. ಆ ಹದಿನೈದು ಮೀಟರುಗಳ ಅಂತರದಲ್ಲಿ ಒಂದು ಲಾರಿ ನಿಂತಿರಬಹುದು, ಶಾಲೆಯ ಮಕ್ಕಳು ರಸ್ತೆ ದಾಟುತ್ತಿರಬಹುದು.

ನೀರಿನ ಮೇಲೆ ತೇಲುವ ಟೈರು

ರಸ್ತೆಯ ಮೇಲೆ ನೀರು ನಿಂತಿದ್ದರೆ ಇನ್ನೊಂದು ಅಪಾಯವುಂಟು. ಚಕ್ರವು ವೇಗವಾಗಿ ಬಂದು ನೀರನ್ನು ತಳ್ಳಿದಾಗ ನೀರಿನ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದು ಟೈರಿನ ಒತ್ತಡಕ್ಕೆ ಸರಿಸಮವಾಗುವ ಹೊತ್ತಿಗೆ ಚಕ್ರ ನೆಲವನ್ನು ಬಿಟ್ಟು ನೀರಿನ ಪದರದ ಮೇಲೆ ತೇಲತೊಡಗುತ್ತದೆ. ಆಗ ಸ್ಟೀಯರಿಂಗು ತಿರುಗಿಸಿದರೂ ಬ್ರೇಕು ಒತ್ತಿದರೂ ಫಲವಿಲ್ಲ. ವಿಮಾನಗಳು ಒದ್ದೆ ನೆಲದಲ್ಲಿ ಇಳಿಯುವಾಗ ಜಾರುವುದನ್ನು ಕುರಿತು ಅಮೆರಿಕದ ನಾಸಾ ಸಂಸ್ಥೆಯ ವಿಜ್ಞಾನಿಗಳು ನಡೆಸಿದ ಪ್ರಯೋಗಗಳಿಂದ ೧೯೬೩ರಲ್ಲಿ ಒಂದು ಸರಳ ಸೂತ್ರ ಹೊರಬಿತ್ತು. ಅದನ್ನು ನಮ್ಮ ಮಾನಗಳಲ್ಲಿ ಹೇಳುವುದಾದರೆ, ಚದರ ಸೆಂಟಿಮೀಟರಿಗೆ ಕಿಲೋಗ್ರಾಂ ಲೆಕ್ಕದಲ್ಲಿ ಟೈರಿನ ಒತ್ತಡವನ್ನು ತೆಗೆದುಕೊಂಡು, ಅದರ ವರ್ಗಮೂಲವನ್ನು ಸುಮಾರು ೬೩ರಿಂದ ಗುಣಿಸಿದರೆ ತೇಲುವ ವೇಗವು ತಾಸಿಗೆ ಕಿಲೋಮೀಟರುಗಳಲ್ಲಿ ದೊರೆಯುತ್ತದೆ. ಒತ್ತಡ ೪ ಆದರೆ ವೇಗ ೧೨೬, ಒತ್ತಡ ೨.೨೫ಕ್ಕೆ ಇಳಿದರೆ ಕೇವಲ ೯೫. ನುಣುಪಾದ ಟೈರಿಗೆ, ಅಥವಾ ತೋಡುಗಳ ಆಳಕ್ಕಿಂತ ನೀರೇ ಹೆಚ್ಚಾಗಿ ನಿಂತಿರುವಲ್ಲಿ, ಈ ಸೂತ್ರ ಅನ್ವಯಿಸುತ್ತದೆ.

ಇದರಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ತೋಡುಗಳಿರುವುದು ಅಲಂಕಾರಕ್ಕಲ್ಲ. ನೀರಿಗೆ ಓಡಿಹೋಗಲು ದಾರಿ ಕೊಡುವುದೇ ಅವುಗಳ ಕೆಲಸ. ತೋಡಿನ ತಳದಲ್ಲಿ ಅಲ್ಲಲ್ಲಿ ಕಾಣುವ ಅಡ್ಡ ದಿಂಡುಗಳು ೧.೬ ಮಿಲಿಮೀಟರು ಎತ್ತರದವು. ಸವೆದ ರಬ್ಬರು ಅವುಗಳ ಮಟ್ಟಕ್ಕೆ ಬಂದಿತೆಂದರೆ ಟೈರಿನ ಆಯುಷ್ಯ ಮುಗಿಯಿತು. ಎರಡನೆಯದು, ಮಳೆಗಾಲದಲ್ಲಿ ಗಾಳಿ ಕಡಮೆಯಿಟ್ಟರೆ ಹಿಡಿತ ಹೆಚ್ಚುವುದೆಂಬ ನಂಬಿಕೆ ಹೆದ್ದಾರಿಯ ಮಟ್ಟಿಗೆ ತಲೆಕೆಳಗಾದುದು.

ಕೆಸರಿನ ನಿಯಮವೇ ಬೇರೆ

ಡಾಂಬರಿನ ಮೇಲೆ ಜಾರುವುದು ರಬ್ಬರು. ಕೆಸರಿನಲ್ಲಿ ಜಾರುವುದು ಮಣ್ಣು. ಮೇಲಿನ ಪದರ ಕೆಳಗಿನ ಪದರದ ಮೇಲೆ ಸರಿಯುತ್ತದೆ. ಇಲ್ಲಿ ರಬ್ಬರು ಎಷ್ಟೇ ಅಂಟಿಕೊಂಡರೂ ಪ್ರಯೋಜನವಿಲ್ಲ, ಏಕೆಂದರೆ ಅದು ಅಂಟಿಕೊಂಡ ಮಣ್ಣೇ ಜಾರಿಹೋಗುತ್ತದೆ. ಆದ್ದರಿಂದ ಟೈರಿನ ಉಬ್ಬು ಮೆತ್ತನೆಯ ಪದರವನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ತಲಪಬೇಕು, ಇಲ್ಲವೆ ಹಲ್ಲಿನಂತೆ ಮಣ್ಣನ್ನು ಕಚ್ಚಿ ಹಿಂದಕ್ಕೆ ತಳ್ಳಬೇಕು. ಟ್ರಾಕ್ಟರಿನ ಹಿಂದಿನ ಚಕ್ರದಲ್ಲಿ ಈ ತತ್ತ್ವವನ್ನು ಕಣ್ಣಾರೆ ಕಾಣಬಹುದು. ಕಚ್ಚಿದ ಮಣ್ಣು ಉಬ್ಬುಗಳ ನಡುವೆಯೇ ಮೆತ್ತಿಕೊಂಡರೆ ಟೈರು ನುಣ್ಣನೆಯ ಮಣ್ಣಿನ ಉರುಳೆಯಾಗಿಬಿಡುತ್ತದೆ. ಹಾಗಾಗದಂತೆ, ಚಕ್ರ ತಿರುಗುವಾಗ ಮಣ್ಣು ಸಿಡಿದುಹೋಗಲೆಂದು ತೆರಪುಗಳನ್ನು ಅಗಲವಾಗಿ ಬಿಟ್ಟಿರುತ್ತಾರೆ.

ಅಣ್ಣನ ಪ್ರಶ್ನೆಗೆ ಇದೇ ಉತ್ತರ. ಕೆಸರಿನಲ್ಲಿ ಗುಣವಾದ ತೆರಪು ಡಾಂಬರಿನ ಮೇಲೆ ದೋಷ. ಒಂದೆಡೆಯ ಲಾಭವನ್ನು ಇನ್ನೊಂದೆಡೆಯ ನಷ್ಟದಿಂದಲೇ ಕೊಳ್ಳಬೇಕಾಗಿದೆ.

ಮರಳಿನ ಸಂಗತಿ ಮತ್ತೆ ಬೇರೆ. ಅಲ್ಲಿ ಅಗೆಯುವ ಟೈರು ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಎರಡು ಮಹಾಯುದ್ಧಗಳ ನಡುವೆ ಲಿಬಿಯದ ಮರುಭೂಮಿಯನ್ನು ಮೋಟಾರುಗಳಲ್ಲಿ ದಾಟಿದ ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನಾಲ್ಡ್ ಟೈರಿನ ಗಾಳಿಯನ್ನು ಇಳಿಸಿ ಮರಳಿನ ಮೇಲೆ ಸಾಗುವ ಉಪಾಯವನ್ನು ಬಳಕೆಗೆ ತಂದವರಲ್ಲಿ ಪ್ರಮುಖ. ಮುಂದೆ ೧೯೪೧ರಲ್ಲಿ ಮರಳಿನ ಭೌತವಿಜ್ಞಾನವನ್ನು ಕುರಿತು ಹೆಸರಾಂತ ಗ್ರಂಥವನ್ನು ಪ್ರಕಟಿಸಿದವನೂ ಆತನೇ. ನಮ್ಮ ಕಾರ್ಬನ್ ಕಾಗದದ ಪ್ರಯೋಗ ಈ ಉಪಾಯದ ಗುಟ್ಟನ್ನು ತಿಳಿಸುತ್ತದೆ: ಗಾಳಿ ಇಳಿದರೆ ಸ್ಪರ್ಶತಲ ಹಿಗ್ಗುತ್ತದೆ, ಅದೇ ಭಾರ ಹೆಚ್ಚು ನೆಲದ ಮೇಲೆ ಹರಡುತ್ತದೆ, ಚಕ್ರ ಹೂಳುವುದಿಲ್ಲ. ಆದರೆ ಇದು ಹೊರೆಯಿಲ್ಲದೆ ಮೆಲ್ಲನೆ ಸಾಗುವಾಗ ಮಾತ್ರ ಸಲ್ಲುವ ಉಪಾಯ. ಗಟ್ಟಿ ರಸ್ತೆಗೆ ಬಂದೊಡನೆ ಗಾಳಿಯನ್ನು ಮತ್ತೆ ತುಂಬಲೇಬೇಕು.

ಏಕೆ ತುಂಬಬೇಕೆಂಬುದಕ್ಕೂ ಒಂದು ಲೆಕ್ಕವಿದೆ. ಈ ಗಾತ್ರದ ಟೈರಿನ ಸುತ್ತಳತೆ ಸುಮಾರು ೨.೨ ಮೀಟರು. ತಾಸಿಗೆ ೮೦ ಕಿಲೋಮೀಟರು ವೇಗದಲ್ಲಿ ಅದು ಸೆಕೆಂಡಿಗೆ ಹತ್ತು ಸುತ್ತು ತಿರುಗುತ್ತದೆ. ಟೈರಿನ ಪಕ್ಕೆಯ ಪ್ರತಿಯೊಂದು ಭಾಗವೂ ತಾಸಿಗೆ ೩೬,೦೦೦ ಸಲ ಬಾಗಿ ಮತ್ತೆ ನೆಟ್ಟಗಾಗುತ್ತದೆ. ರಬ್ಬರಿನ ಚೆಂಡನ್ನು ಒಂದು ಮೀಟರು ಎತ್ತರದಿಂದ ಬಿಟ್ಟರೆ ಅದು ಅಷ್ಟೇ ಎತ್ತರಕ್ಕೆ ಪುಟಿಯುವುದಿಲ್ಲವಷ್ಟೆ. ಕಳೆದ ಶಕ್ತಿಯ ಬಹುಪಾಲು ಉಷ್ಣವಾಗುತ್ತದೆ. ಟೈರಿನಲ್ಲಿಯೂ ಪ್ರತಿ ಬಾಗಿಗೆ ಒಂದಿಷ್ಟು ಶಕ್ತಿ ಉಷ್ಣವಾಗುತ್ತದೆ. ಗಾಳಿ ಕಡಮೆಯಿದ್ದಷ್ಟೂ ಬಾಗು ಹೆಚ್ಚು, ಉಷ್ಣ ಹೆಚ್ಚು. ಹೊರೆ ಹೇರಿ ಬೇಸಗೆಯಲ್ಲಿ ಓಡಿಸಿದರೆ ಪದರಗಳು ಬಿಟ್ಟುಕೊಂಡು ಟೈರು ಸಿಡಿಯುತ್ತದೆ. ಹೆದ್ದಾರಿಯ ಪಕ್ಕದಲ್ಲಿ ಬಿದ್ದಿರುವ ಹರಿದ ರಬ್ಬರಿನ ಪಟ್ಟಿಗಳಲ್ಲಿ ಎಷ್ಟೋ ಈ ಅಲಕ್ಷ್ಯದ ಗುರುತುಗಳೇ.

ಸುಖಪ್ರಯಾಣ ಮತ್ತು ಸದ್ದು

ದೂರ ಪ್ರಯಾಣದಲ್ಲಿ ಮೈ ನೋಯದಿರಬೇಕಾದರೆ ಟೈರು ರಸ್ತೆಯ ಸಣ್ಣ ಏರಿಳಿತಗಳನ್ನು ತಾನೇ ನುಂಗಿಕೊಳ್ಳಬೇಕು. ಈ ವಿಷಯದಲ್ಲಿ ದೊಡ್ಡ ಸುಧಾರಣೆಯಾದುದು ಫ್ರಾನ್ಸಿನ ಮಿಷೆಲಿನ್ ಕಂಪೆನಿ ೧೯೪೬ರಲ್ಲಿ ಹಕ್ಕುಪತ್ರ ಪಡೆದ ರೇಡಿಯಲ್ ಟೈರಿನಿಂದ. ಹಳೆಯ ಟೈರುಗಳಲ್ಲಿ ನೂಲಿನ ಪದರಗಳು ಓರೆಯಾಗಿ ಒಂದನ್ನೊಂದು ಕತ್ತರಿಸಿಕೊಂಡು ಹಾಯುತ್ತಿದ್ದವು. ರೇಡಿಯಲ್ಲಿನಲ್ಲಿ ಅವು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರವಾಗಿ ಹೋಗುತ್ತವೆ. ನೆಲ ಮುಟ್ಟುವ ಭಾಗಕ್ಕೆ ಮಾತ್ರ ಉಕ್ಕಿನ ತಂತಿಯ ಪಟ್ಟಿ ಸುತ್ತಿರುತ್ತದೆ. ಇದರಿಂದ ಪಕ್ಕೆ ಮೆತ್ತಗೆ ಬಾಗುತ್ತದೆ, ನೆಲ ಮುಟ್ಟುವ ಭಾಗ ಗಟ್ಟಿಯಾಗಿ ಚಪ್ಪಟೆಯಾಗಿ ನಿಲ್ಲುತ್ತದೆ. ಸುಖವೂ ಹಿಡಿತವೂ ಬಾಳಿಕೆಯೂ ಒಟ್ಟಿಗೆ ಹೆಚ್ಚಿದ ಅಪರೂಪದ ಸಂದರ್ಭವಿದು.

ಕೆಸರಿನ ಟೈರುಗಳ ಗೊರಗೊರ ಸದ್ದಿಗೆ ಕಾರಣವೂ ಸರಳವೇ. ಟೈರಿನ ಸುತ್ತ ೪೦ ಉಬ್ಬುಗಳಿದ್ದು ಅದು ಸೆಕೆಂಡಿಗೆ ಹತ್ತು ಸುತ್ತು ತಿರುಗಿದರೆ ನೆಲಕ್ಕೆ ೪೦೦ ಪೆಟ್ಟು ಬೀಳುತ್ತವೆ. ಸೆಕೆಂಡಿಗೆ ೪೦೦ ಕಂಪನವೆಂದರೆ ಕಿವಿಗೆ ಚೆನ್ನಾಗಿ ಕೇಳುವ ಒಂದು ಸ್ವರ. ತಂಬೂರಿಯ ಶ್ರುತಿ ಹಿತವಾಗಿರಬಹುದು; ಆರು ತಾಸು ಒಂದೇ ಸ್ವರವನ್ನು ಟೈರಿನಿಂದ ಕೇಳುವುದು ಹಿತವಲ್ಲ. ಅದಕ್ಕಾಗಿಯೇ ಹೆದ್ದಾರಿಯ ಟೈರುಗಳಲ್ಲಿ ಉಬ್ಬುಗಳನ್ನು ಸಣ್ಣದು ಮಾಡಿ, ಅವುಗಳ ಅಳತೆಯನ್ನು ಒಂದಕ್ಕೊಂದು ಬೇರೆಯಾಗಿಟ್ಟು, ಸದ್ದು ಒಂದೇ ಸ್ವರದಲ್ಲಿ ಕೂಡದಂತೆ ಚದುರಿಸುತ್ತಾರೆ.

ಪಕ್ಕೆಯ ಮೇಲಿನ ಬರಹ

ಟೈರಿನ ಪಕ್ಕೆಯನ್ನು ಓದಲು ಬಲ್ಲವನು ಅರ್ಧ ಪರೀಕ್ಷೆಯನ್ನು ಮುಗಿಸಿದಂತೆ. ೨೧೫/೭೫ ಆರ್ ೧೫ ಎಂದಿದ್ದರೆ ಅಗಲ ೨೧೫ ಮಿಲಿಮೀಟರು. ಪಕ್ಕೆಯ ಎತ್ತರ ಅದರ ನೂರಕ್ಕೆ ೭೫ ಪಾಲು, ಅಂದರೆ ೧೬೧ ಮಿಲಿಮೀಟರು. ‘ಆರ್’ ರೇಡಿಯಲ್ಲಿನ ಗುರುತು. ರಿಮ್ಮಿನ ವ್ಯಾಸ ೧೫ ಅಂಗುಲ. ಮುಂದಿನ ಸಂಖ್ಯೆ ಹೊರೆಯ ಗುರುತು. ೧೦೦ ಎಂದಿದ್ದರೆ ಒಂದು ಟೈರು ೮೦೦ ಕಿಲೋಗ್ರಾಂ, ೧೦೪ ಎಂದಿದ್ದರೆ ೯೦೦ ಕಿಲೋಗ್ರಾಂ ಹೊರಬಲ್ಲುದು. ಸರಾಸರಿ ೭೦೦ ಎಂದು ನಾವು ಲೆಕ್ಕ ಹಾಕಿದ್ದರೂ ತುಂಬಿದ ಪಿಕಪ್ಪಿನ ಹಿಂದಿನ ಚಕ್ರಗಳ ಮೇಲೆಯೇ ಹೆಚ್ಚಿನ ಭಾರ ಬೀಳುತ್ತದೆ. ಹಿಂದಿನ ಅಚ್ಚಿನ ಮೇಲೆ ೧,೮೦೦ ಕಿಲೋಗ್ರಾಂ ಬಂದರೆ ೧೦೦ರ ಟೈರು ಸಾಲದು, ೧೦೪ ಬೇಕೇ ಬೇಕು. ಅನಂತರದ ಅಕ್ಷರ ವೇಗದ ಮಿತಿಯನ್ನು ಹೇಳುತ್ತದೆ. ‘ಕ್ಯೂ’ ಎಂದರೆ ತಾಸಿಗೆ ೧೬೦ ಕಿಲೋಮೀಟರು. ತಯಾರಾದ ಕಾಲವನ್ನು ನಾಲ್ಕು ಅಂಕಿಗಳು ತಿಳಿಸುತ್ತವೆ. ೨೩೨೪ ಎಂದಿದ್ದರೆ ಅದು ೨೦೨೪ನೆಯ ಇಸವಿಯ ೨೩ನೆಯ ವಾರದ್ದು. ಉಪಯೋಗಿಸದೆ ಇಟ್ಟರೂ ರಬ್ಬರು ಗಾಳಿಯ ಆಮ್ಲಜನಕದಿಂದ ಬಿರುಸಾಗುವುದರಿಂದ ಇದನ್ನು ನೋಡದೆ ಹಣ ಕೊಡಬಾರದು.

ಗಾಡಿ ಚೆನ್ನಾಗಿ ಕಾಣಲೆಂದು ತಯಾರಕರು ಹೇಳಿದ್ದಕ್ಕಿಂತ ದೊಡ್ಡ ಟೈರು ಹಾಕಿಸುವುದೂ ಸರಿಯಲ್ಲ. ವ್ಯಾಸವು ನೂರಕ್ಕೆ ಐದರಷ್ಟು ಹೆಚ್ಚಿದರೆ ಮಾಪಕವು ೬೦ ಎಂದು ತೋರಿಸುವಾಗ ನಿಜವಾದ ವೇಗ ೬೩ ಆಗಿರುತ್ತದೆ. ನಾಲ್ಕೂ ಟೈರುಗಳು ಒಂದೇ ಬಗೆಯವಾಗಿರಲಿ. ಎರಡನ್ನು ಮಾತ್ರ ಬದಲಿಸುವುದಾದರೆ ಹೊಸವನ್ನು ಹಿಂದಕ್ಕೆ ಹಾಕಿಸಬೇಕು. ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಿದರೆ ಗಾಡಿ ಸುತ್ತು ತಿರುಗುತ್ತದೆ, ಅದನ್ನು ಸರಿಪಡಿಸುವುದು ಬಹು ಕಷ್ಟ.

ಅಣ್ಣನ ಆಯ್ಕೆ

ಮಾರುಕಟ್ಟೆಯಲ್ಲಿ ಪಿಕಪ್ಪಿಗೆ ದೊರೆಯುವ ಟೈರುಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು: ಹೆದ್ದಾರಿಯದು, ಕೆಸರಿನದು, ಇವೆರಡರ ನಡುವಣ ಮಿಶ್ರ ಬಗೆಯದು. ಮಿಶ್ರ ಟೈರಿನ ನಡುಭಾಗದಲ್ಲಿ ಉಬ್ಬುಗಳು ಒತ್ತಾಗಿದ್ದು ಡಾಂಬರನ್ನು ಹಿಡಿಯುತ್ತವೆ. ಅಂಚಿನಲ್ಲಿ ತೆರಪಾಗಿದ್ದು, ಚಕ್ರ ಸ್ವಲ್ಪ ಹೂತಾಗ ಮಣ್ಣನ್ನು ಕಚ್ಚುತ್ತವೆ. ಅದು ಡಾಂಬರಿನ ಮೇಲೆ ಹೆದ್ದಾರಿಯ ಟೈರಿನಷ್ಟು ಸಾಧುವಲ್ಲ, ಕೆಸರಿನಲ್ಲಿ ಕೆಸರಿನ ಟೈರಿನಷ್ಟು ಬಲಶಾಲಿಯೂ ಅಲ್ಲ. ಆದರೆ ಎರಡು ಕಡೆಯೂ ಕೈಕೊಡುವುದಿಲ್ಲ.

ನಾನು ಅಣ್ಣನಿಗೆ ಯಾವ ಟೈರಿನ ಹೆಸರನ್ನೂ ಹೇಳಲಿಲ್ಲ. ಒಂದು ತಿಂಗಳು ಗಾಡಿ ಓಡಿದ ದೂರವನ್ನು, ಯಾವ ರಸ್ತೆಯಲ್ಲಿ ಎಷ್ಟು ಎಂದು ಬರೆದಿಡಲು ಹೇಳಿದೆ. ಲೆಕ್ಕ ನೋಡಿದಾಗ ನೂರು ಕಿಲೋಮೀಟರಿನಲ್ಲಿ ಮಣ್ಣಿನ ದಾರಿ ಐದಕ್ಕಿಂತ ಹೆಚ್ಚಿರಲಿಲ್ಲ. ಅದರಲ್ಲಿಯೂ ಕೆಸರಾಗುವುದು ವರ್ಷಕ್ಕೆ ನಾಲ್ಕು ತಿಂಗಳು. ಹೂಳುತ್ತಿದ್ದುದು ಐವತ್ತು ಗಜದ ಒಂದು ಏರಿನಲ್ಲಿ ಮಾತ್ರ. ಆ ಐವತ್ತು ಗಜಕ್ಕಾಗಿ ಅವನು ಉಳಿದ ದಾರಿಯುದ್ದಕ್ಕೂ ಸಂಸಾರವನ್ನು ಅಪಾಯಕ್ಕೆ ಒಡ್ಡಿದ್ದ.

ಅಣ್ಣ ಈಗ ೧೦೪ರ ಗುರುತಿನ ಮಿಶ್ರ ರೇಡಿಯಲ್ ಟೈರುಗಳನ್ನು ಹಾಕಿಸಿದ್ದಾನೆ. ಗಾಳಿಯ ಮಾಪಕವೊಂದನ್ನು ಕೊಂಡು, ಗಾಡಿ ಓಡುವ ಮೊದಲು, ಟೈರು ತಣ್ಣಗಿರುವಾಗಲೇ, ಸ್ಟೆಪ್ನಿಯನ್ನೂ ಸೇರಿಸಿ ಅಳೆಯುತ್ತಾನೆ. ಹೊರೆಯಿದ್ದಾಗ ಎಷ್ಟು, ಖಾಲಿಯಿದ್ದಾಗ ಎಷ್ಟು ಎಂಬುದನ್ನು ತಯಾರಕರ ಕೈಪಿಡಿಯಿಂದ ಬರೆದು ಗಾಡಿಯೊಳಗೆ ಅಂಟಿಸಿದ್ದಾನೆ. ಖಾಲಿ ಗಾಡಿ ಈಗ ಮೊದಲಿನಷ್ಟು ಎತ್ತಿಹಾಕುವುದಿಲ್ಲವಂತೆ. ಇನ್ನು ಆ ಏರಿಗೆ ಎರಡು ಟ್ರಾಕ್ಟರು ಜಲ್ಲಿ ಹಾಕಿಸಿ, ಪಕ್ಕದಲ್ಲಿ ನೀರು ಹರಿಯಲು ಚರಂಡಿ ತೆಗೆಸಿದ. ಕಳೆದ ಮಳೆಗಾಲದಲ್ಲಿ ಗಾಡಿ ಒಮ್ಮೆಯೂ ಹೂಳಲಿಲ್ಲ.

ಎಲ್ಲ ರಸ್ತೆಗೂ ಶ್ರೇಷ್ಠವಾದ ಟೈರು ಎಂಬುದಿಲ್ಲ. ನಾವು ಹೆಚ್ಚಾಗಿ ಸಾಗುವ ದಾರಿ ಯಾವುದು, ಅದರ ಮೇಲೆ ನಮ್ಮ ವೇಗವೆಷ್ಟು, ಹೊರೆಯೆಷ್ಟು ಎಂಬುದನ್ನು ಮೊದಲು ಅಳೆದು ತಿಳಿದರೆ ಆಯ್ಕೆ ತಾನಾಗಿಯೇ ಸುಲಭವಾಗುತ್ತದೆ. ಅಂಗಡಿಗೆ ಹೋಗುವ ಮುನ್ನ ಒಂದು ಕಾಗದ, ಒಂದು ಪೆನ್ಸಿಲು ಹಿಡಿದು ಕುಳಿತರೆ ಸಾಕು. ಶಾಲೆಯಲ್ಲಿ ಕಲಿತ ಒತ್ತಡ, ಘರ್ಷಣೆ, ಉಷ್ಣಗಳ ಪಾಠಗಳು ಅಲ್ಲಿ ಉಪಯೋಗಕ್ಕೆ ಬರುತ್ತವೆ.